ಮಂಜು ಮತ್ತು ಗೊಬ್ಬರ: ‘ಮಿಸ್ಟ್’ ಎಂಬ ರೂಪದ ಎರಡು ಚರಿತ್ರೆಗಳು

ಇಂಗ್ಲಿಷಿನಲ್ಲಿ ‘ಮಿಸ್ಟ್’ ಎಂದರೆ ಮಂಜು; ಜರ್ಮನ್ ಭಾಷೆಯಲ್ಲಿ ಅದೇ ಉಚ್ಚಾರದ ‘ಮಿಸ್ಟ್’ ಸಗಣಿಗೊಬ್ಬರ. ಡಚ್ ಭಾಷೆಯಲ್ಲಿ ಮಂಜಿಗೆ ‘ಮಿಸ್ಟ್’ ಎಂದೂ ಗೊಬ್ಬರಕ್ಕೆ ‘ಮೆಸ್ಟ್’ ಎಂದೂ ಹೆಸರು. ಸೋದರ ಭಾಷೆಗಳಲ್ಲಿ ಸಮಾನ ರೂಪ ಕಂಡಾಗ ಸಮಾನ ಮೂಲವನ್ನು ಊಹಿಸುವುದು ಸಹಜ. ಇಂಗ್ಲಿಷಿನ ‘ಗಿಫ್ಟ್’ (ಕೊಡುಗೆ) ಮತ್ತು ಜರ್ಮನ್ನಿನ ‘ಗಿಫ್ಟ್’ (ವಿಷ) ಪದಗಳ ವಿಷಯದಲ್ಲಿ ಈ ಊಹೆ ಸರಿಯೂ ಹೌದು. ಎರಡೂ ‘ಕೊಡು’ ಎಂಬರ್ಥದ ಒಂದೇ ಧಾತುವಿನವು. ‘ಮಿಸ್ಟ್’ ಜೋಡಿಗೆ ಮಾತ್ರ ಅದು ಅನ್ವಯಿಸದು.

ಜರ್ಮನ್ ‘ಮಿಸ್ಟ್’ ಪದಕ್ಕೆ ಗಾಥಿಕ್‌ನ ‘ಮೆಹ್‌ಸ್ತುಸ್’ (ಸಗಣಿ) ಜ್ಞಾತಿಪದ. ಇದು ಮೂತ್ರವಿಸರ್ಜನೆಯನ್ನು ಸೂಚಿಸುವ ಧಾತುವಿನಿಂದ ಬಂದಿದೆ. ಲ್ಯಾಟಿನ್ ‘ಮಿಂಗೊ’, ಪ್ರಾಚೀನ ಇಂಗ್ಲಿಷ್ ‘ಮೀಗನ್’, ಸಂಸ್ಕೃತ ‘ಮೇಹತಿ’ ಇದೇ ಕುಲದವು. ಇಂಗ್ಲಿಷ್ ‘ಮಿಸ್ಟ್’ ಆದರೋ ರಷ್ಯನ್ ‘ಮ್ಗ್ಲಾ’, ಲಿಥುವೇನಿಯನ್ ‘ಮಿಗ್ಲಾ’, ಗ್ರೀಕ್ ‘ಒಮಿಖ್ಲೇ’, ಸಂಸ್ಕೃತ ‘ಮೇಘ’ಗಳ ಬಳಗಕ್ಕೆ ಸೇರಿದೆ.

ಎರಡೂ ಧಾತುಗಳಲ್ಲಿ ಒದ್ದೆಯ ಭಾವವಿದೆ. ಆದುದರಿಂದಲೇ ಅವನ್ನು ಒಂದುಗೂಡಿಸುವ ಆಕರ್ಷಣೆ ಬಹಳ ಹಳೆಯದು. ಯಾಸ್ಕನ ನಿರುಕ್ತವು ‘ಮೇಘ’ವನ್ನು ‘ಮಿಹ್’ ಧಾತುವಿನಿಂದಲೇ ನಿಷ್ಪನ್ನಗೊಳಿಸುತ್ತದೆ. ಧಾತುಪಾಠವು ಆ ಧಾತುವಿಗೆ ‘ಸೇಚನ’ ಎಂಬ ಅರ್ಥವನ್ನು ಕೊಡುತ್ತದೆ. 1861ರಲ್ಲಿ ಪ್ರಕಟವಾಗತೊಡಗಿದ ಆಗಸ್ಟ್ ಶ್ಲೈಶರ್‌ನ ಗ್ರಂಥದಲ್ಲಿಯೂ ಮೂಲ ಇಂಡೋ-ಯುರೋಪಿಯನ್ನಿಗೆ ಕಂಠ್ಯಸ್ಪರ್ಶಗಳ ಒಂದೇ ಶ್ರೇಣಿಯಿದ್ದುದರಿಂದ, ಇವೆರಡನ್ನು ಧ್ವನಿಯ ಆಧಾರದಿಂದ ಬೇರ್ಪಡಿಸುವ ಸಾಧನವಿರಲಿಲ್ಲ. 1870ರಲ್ಲಿ ಇಟಲಿಯ ಗ್ರಾಜಿಯಾದಿಯೊ ಅಸ್ಕೊಲಿ ಒಂದಕ್ಕಿಂತ ಹೆಚ್ಚು ಶ್ರೇಣಿಗಳಿದ್ದುವೆಂದು ತೋರಿಸಿದ ಬಳಿಕ ಅದು ಸಾಧ್ಯವಾಯಿತು. ಮಂಜಿನ ಧಾತುವಿನ ಕೊನೆಯಲ್ಲಿ ಶುದ್ಧ ಕಂಠ್ಯ ಮಹಾಪ್ರಾಣವಿತ್ತು. ಮೂತ್ರದ ಧಾತುವಿನ ಕೊನೆಯಲ್ಲಿ ತಾಲವ್ಯೀಕೃತ ಮಹಾಪ್ರಾಣ. ಗ್ರೀಕ್ ಮತ್ತು ಜರ್ಮಾನಿಕ್ ಶಾಖೆಗಳಲ್ಲಿ ಇವೆರಡೂ ಬೆರೆತುಹೋದವು. ಗ್ರೀಕಿನ ‘ಒಮಿಖ್ಲೇ’ (ಮಂಜು), ‘ಒಮೆಯ್ಖೆಯ್ನ್’ (ಮೂತ್ರಿಸು) ಎರಡರಲ್ಲೂ ‘ಖ್’ ಇದೆ. ಸಂಸ್ಕೃತದಲ್ಲಿ ಅವು ಬೇರೆಯಾಗಿ ಉಳಿದವು: ಒಂದೆಡೆ ‘ಘ್’, ಮತ್ತೊಂದೆಡೆ ‘ಹ್’.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಸಂಸ್ಕೃತದ ‘ಹ್’ ತಾಲವ್ಯ ಮೂಲದ್ದೇ ಆಗಬೇಕಿಲ್ಲ. ‘ಹಂತಿ’, ‘ಘ್ನಂತಿ’ ರೂಪಗಳಲ್ಲಿರುವಂತೆ, ಮುಂಸ್ವರದ ಎದುರು ‘ಘ್’ ಕೂಡ ‘ಹ್’ ಆಗಿದೆ. ಹಾಗಿದ್ದರೆ ‘ಮೇಹತಿ’ಯೂ ‘ಮೇಘ’ವೂ ಅಂಥ ಜೋಡಿಯೇ ಆಗಿರಬಾರದೇಕೆ? ಉತ್ತರ ಕ್ತಾಂತ ರೂಪದಲ್ಲಿದೆ. ಕಂಠ್ಯಮೂಲದ ‘ದಹ್’ ಧಾತುವಿನಿಂದ ‘ದಗ್ಧ’ವೂ ತಾಲವ್ಯಮೂಲದ ‘ಲಿಹ್’ ಧಾತುವಿನಿಂದ ‘ಲೀಢ’ವೂ ಆಗುತ್ತವೆ. ‘ಮಿಹ್’ ಧಾತುವಿನ ರೂಪ ‘ಮೀಢ’. ಅದು ‘ಲೀಢ’ದ ಪಂಕ್ತಿಯದು. ಲಿಥುವೇನಿಯನ್ ಸ್ವತಂತ್ರ ಸಾಕ್ಷ್ಯ ಒದಗಿಸುತ್ತದೆ: ‘ಮಿಗ್ಲಾ’ದಲ್ಲಿ ‘ಗ್’ ಇದ್ದರೆ, ಮೂತ್ರಿಸುವ ಅರ್ಥದ ಕ್ರಿಯಾಪದದ ಧಾತು ‘ಮೀಝ್’ ಊಷ್ಮಾಂತವಾಗಿದೆ.

ಕನ್ನಡವು ತತ್ಸಮಗಳಾಗಿ ಸ್ವೀಕರಿಸಿದ ‘ಮೇಘ’ ಮತ್ತು ‘ಮಧುಮೇಹ’ಗಳಲ್ಲಿ ಈ ಅಂತರ ಇಂದಿಗೂ ಶ್ರವಣಗೋಚರ. ಇಂಗ್ಲಿಷ್ ಮತ್ತು ಜರ್ಮನ್ ಪದಗಳನ್ನಷ್ಟೇ ಎದುರುಬದುರು ಇಟ್ಟವನಿಗೆ ಅದು ಕಾಣದು. ರೂಪಸಾಮ್ಯವೂ ಅರ್ಥಸಾಮೀಪ್ಯವೂ ಒಂದೇ ದಿಕ್ಕನ್ನು ತೋರಿದಾಗಲೂ ವ್ಯುತ್ಪತ್ತಿಯ ನಿರ್ಣಯವು ಕ್ರಮಬದ್ಧ ಧ್ವನಿಸಂವಾದಕ್ಕೇ ಸೇರಿದ್ದು. ಆ ಸಂವಾದಕ್ಕೂ ಒಂದೇ ಭಾಷೆಯ ಸಾಕ್ಷ್ಯ ಸಾಲದು.