ನೈನಿತಾಲದ ಚರಂಡಿಗಳು

ಈ ರಜೆಗೆ ನೈನಿತಾಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಮಕ್ಕಳಿಗೆ ಬೆಟ್ಟ ಹತ್ತುವ ಹುಮ್ಮಸ್ಸು, ಇವರಿಗೆ ದೋಣಿಯಲ್ಲಿ ಕಾಲು ಚಾಚುವ ಆಸೆ. ಕಾಠಗೋದಾಮದವರೆಗೆ ರೈಲು, ಆಮೇಲೆ ಸುಮಾರು 34 ಕಿ.ಮೀ. ಘಾಟಿ ರಸ್ತೆ. ಲೆಕ್ಕ ಹಾಕುತ್ತಲೇ ನಾನು ಊರಿನ ಚರಿತ್ರೆಯನ್ನೂ ಓದಿಕೊಂಡೆ.

1841ರಲ್ಲಿ ಬ್ಯಾರನ್ ಎಂಬ ಸಕ್ಕರೆ ವ್ಯಾಪಾರಿ ಈ ಕೆರೆ ಕಂಡು ಮರುಳಾದ. ಅವನ ಹಿಂದೆ ಬಂದ ಬ್ರಿಟಿಷರು ಕಡಿದಾದ ಇಳಿಜಾರುಗಳಲ್ಲೂ ಬಂಗಲೆ ಕಟ್ಟಿದರು. 1880ರ ಸೆಪ್ಟೆಂಬರ್ 18. ಎಡೆಬಿಡದ ಮಳೆ. ಬೆಳಿಗ್ಗೆ ಒಂದು ಸಣ್ಣ ಕುಸಿತ. ಸಿಕ್ಕಿಕೊಂಡವರನ್ನು ಎತ್ತಲು ಜನ ಓಡಿದರು. ಮಧ್ಯಾಹ್ನ ಅವರ ಮೇಲೆಯೇ ಗುಡ್ಡ ಜಾರಿತು. ವಿಕ್ಟೋರಿಯಾ ಹೋಟೆಲು, ದಂಡೆಯ ನೈನಾದೇವಿ ಗುಡಿ ನೆಲಸಮವಾದವು. 151 ಜನ ಸತ್ತರು. ಆ ಮಣ್ಣು ಹರಡಿಯೇ ಈಗ ಎಲ್ಲರೂ ಅಡ್ಡಾಡುವ ‘ಫ್ಲಾಟ್ಸ್’ ಮೈದಾನ ವಿಶಾಲವಾಯಿತು.

ಗುಡಿಯನ್ನು ಮತ್ತೆ ಕಟ್ಟಿದರು. ಮಳೆನೀರು ಬೆಟ್ಟದೊಳಗೆ ಇಂಗಿ ಮಣ್ಣು ಸಡಿಲವಾಗದಿರಲೆಂದು, ಅದನ್ನು ಕೆರೆಗೆ ಇಳಿಸುವ ಚರಂಡಿಗಳ ಜಾಲವನ್ನೂ ಕಟ್ಟಿದರು. ಊರನ್ನು ಕಾಯುವ ದೇವರ ಜೊತೆಗೆ ಈ ಚರಂಡಿಗಳೂ ಸೇರಿವೆ.

ಬಚ್ಚಲ ತೂಬು ಕಟ್ಟಿಕೊಂಡರೆ ಏನಾಗುತ್ತದೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ತಿಂದು ಎಸೆಯುವ ಪ್ಲಾಸ್ಟಿಕ್ ಪೊಟ್ಟಣ ಅಲ್ಲಿ ಕಟ್ಟುವುದು ಬಚ್ಚಲನ್ನಲ್ಲ, ಬೆಟ್ಟದ ಉಸಿರನ್ನು.