ಸಕಲ ಸಂತರ ಹಬ್ಬದಂದು ನಡುಗಿದ ಲಿಸ್ಬನ್



1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನ ದೇವಾಲಯಗಳು ಬಲಿಪೂಜೆಗೆ ಬಂದವರಿಂದ ತುಂಬಿದ್ದವು. ಬೆಳಿಗ್ಗೆ ಒಂಬತ್ತೂವರೆ ದಾಟುತ್ತಿದ್ದಂತೆ ಭೂಮಿ ಕಂಪಿಸಿತು. ಛಾವಣಿಗಳು ಭಕ್ತರ ಮೇಲೆಯೇ ಕುಸಿದವು. ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆ ಸೆಳೆದೊಯ್ದಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದಲೂ ಬೆಂಕಿ ಹಬ್ಬಿ ನಗರ ದಿನಗಟ್ಟಲೆ ಉರಿಯಿತು.

ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದು ಯೇಸುಸಭೆಯ ಗುರು ಗೇಬ್ರಿಯಲ್ ಮಲಗ್ರಿಡಾ 1756ರಲ್ಲಿ ಬರೆದರು. ಹಾಗಾದರೆ ತೊಟ್ಟಿಲ ಕೂಸುಗಳು ಮಾಡಿದ ಪಾಪವೇನು? (ಆ ವೃದ್ಧ ಗುರುವಿಗೆ 1761ರಲ್ಲಿ ಮರಣದಂಡನೆಯಾಯಿತು, ಅದೂ ಅನ್ಯಾಯವೇ.)

ಸಾವಿನ ಮನೆಗಳಲ್ಲಿ ನನ್ನನ್ನೂ ಕೇಳುತ್ತಾರೆ: "ಯಾವ ಪಾಪಕ್ಕೆ ಫಾದರ್ ಇದು?" ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಪ್ರಭು ಯೇಸುವೇ ಹೇಳಿದ್ದಾರೆ (ಲೂಕ 13). ಅಲ್ಲಿ ಅವರು ಪಶ್ಚಾತ್ತಾಪಕ್ಕೆ ಕರೆದದ್ದೂ ನಿಜ. ಆದರೆ ಕರೆದದ್ದು ಕೇಳುತ್ತ ನಿಂತಿದ್ದವರನ್ನು. ಸತ್ತವರ ಮೇಲೆ ತೀರ್ಪು ಕೊಡಲಿಲ್ಲ.

ಲಿಸ್ಬನ್ನಿನಲ್ಲಿ ಮಂತ್ರಿ ಪೊಂಬಾಲ್ ಧರ್ಮಕೇಂದ್ರಗಳ ಗುರುಗಳಿಗೆ ಪ್ರಶ್ನಾವಳಿ ಕಳುಹಿಸಿದ. ಕಂಪನ ಎಷ್ಟು ಹೊತ್ತು ಇತ್ತು? ಎಷ್ಟು ಜನ ಸತ್ತರು? ಸಮುದ್ರ ಏರಿತೇ, ಇಳಿಯಿತೇ? ನೆಲ ಬಿರಿಯಿತೇ? ಆ ಗುರುಗಳು ಬರೆದು ಕಳುಹಿಸಿದ ಉತ್ತರಗಳನ್ನು ಭೂಕಂಪ ವಿಜ್ಞಾನಿಗಳು ಇಂದಿಗೂ ಓದುತ್ತಾರೆ.