ಎಲೆ ಕೆಟ್ಟಾಗಿನ ಲೆಕ್ಕ: ಟೂರ್ನಿ ಪೋಕರ್‌ನ ತಂತ್ರ ಬೆಳೆದ ಬಗೆ

ಟೂರ್ನಿ ಪೋಕರ್‌ನಲ್ಲಿ ಎಲ್ಲರೂ ಸಮನಾದ ಚಿಪ್ಸ್‌ನಿಂದ ಶುರು ಮಾಡುತ್ತಾರೆ. ಚಿಪ್ಸ್ ಮುಗಿದವರು ಏಳಬೇಕು. ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತಕ್ಕೆ ಬ್ಲೈಂಡ್ ಎಂದು ಹೆಸರು. ಗೊತ್ತಾದ ಹೊತ್ತಿಗೊಮ್ಮೆ ಅದು ಏರುತ್ತ ಹೋಗುತ್ತದೆ. ಹೀಗಾಗಿ ಸುಮ್ಮನೆ ಕುಳಿತವರ ಚಿಪ್ಸ್ ಕೂಡ ಕರಗುತ್ತವೆ. ಒಳ್ಳೆಯ ಎಲೆ ಬರಲಿ ಎಂದು ಕಾಯುವುದೂ ಪುಕ್ಕಟೆಯಲ್ಲ. ಕೈಯಲ್ಲಿ ಚಿಪ್ಸ್ ಕಡಿಮೆ, ಬಂದ ಎಲೆಯೂ ಕೆಟ್ಟದ್ದು ಎಂದಾಗ ಏನು ಮಾಡಬೇಕು ಎಂಬ ಪ್ರಶ್ನೆಯ ಸುತ್ತ ಐವತ್ತು ವರ್ಷಗಳಲ್ಲಿ ಒಂದು ಸಣ್ಣ ಶಾಸ್ತ್ರವೇ ಬೆಳೆದಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಪೋಕರ್ ಬಳಕೆಯ ಆಟವಲ್ಲ. ಇಸ್ಪೀಟು ಎಂದರೆ ಇಲ್ಲಿ ರಮ್ಮಿ, ತೀನ್ ಪತ್ತಿ. ಪೊಲೀಸರ ದಾಖಲೆಯಲ್ಲಾದರೆ ಅಂದರ್ ಬಾಹರ್. ಆದರೂ 101ರ ಪೂಲ್ ರಮ್ಮಿ ಆಡಿದವರಿಗೆ ಈ ಲೆಕ್ಕದ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ. ಹದಿಮೂರು ಎಲೆ ಎತ್ತಿ ನೋಡಿ, ಆಡದೆ ಮೊದಲಿಗೇ ಡ್ರಾಪ್ ಆದರೆ 20 ಅಂಕ, ನಡುವೆ ಬಿಟ್ಟರೆ 40, ಫುಲ್ ಕೌಂಟ್ ಬಿದ್ದರೆ 80. ಅಂಕ 101 ಮುಟ್ಟಿದರೆ ಆಟದಿಂದ ಹೊರಗೆ. ಸೊನ್ನೆಯಲ್ಲಿರುವವರ ಕೈಯಲ್ಲಿ ಐದು ಡ್ರಾಪ್ ಉಳಿದಿರುತ್ತವೆ. ಒಂದು ಫುಲ್ ಕೌಂಟ್ ತಿಂದರೆ ಉಳಿಯುವುದು ಒಂದೇ. 81ಕ್ಕೆ ಬಂದವರು ಕಂಪಲ್ಸರಿ: ಜೋಕರ್ ಇಲ್ಲದಿರಲಿ, ಸೀಕ್ವೆನ್ಸ್‌ನ ಸುಳಿವೇ ಇಲ್ಲದಿರಲಿ, ಆಡಲೇಬೇಕು. ಅನುಭವಸ್ಥರು ಅಂಕಕ್ಕಿಂತ ಉಳಿದ ಡ್ರಾಪ್‌ಗಳನ್ನೇ ಎಣಿಸುತ್ತಾರೆ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ರಮ್ಮಿಯಲ್ಲಿ ಎಲೆ ಕೂಡಿಸದೆ ಡಿಕ್ಲೇರ್ ಮಾಡುವಂತಿಲ್ಲ. ಪೋಕರ್‌ನಲ್ಲಿ ಎದುರಿನವರೆಲ್ಲ ಎಲೆ ಬಿಟ್ಟರೆ, ಅಂದರೆ ಫೋಲ್ಡ್ ಮಾಡಿದರೆ, ಕೆಟ್ಟ ಎಲೆ ಹಿಡಿದವರೂ ಎಲೆ ತೋರಿಸದೆಯೇ ನಡುವಿನ ಮೊತ್ತ ಎತ್ತಿಕೊಳ್ಳಬಹುದು. ಕಡಿಮೆ ಚಿಪ್ಸ್‌ನ ತಂತ್ರವೆಲ್ಲ ನಿಂತಿರುವುದು ಈ ಒಂದು ಅವಕಾಶದ ಮೇಲೆ.

ಪೋಕರ್‌ನ ವಿಶ್ವ ಸರಣಿ 1970ರಲ್ಲಿ ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಆರಂಭವಾಯಿತು. ಮೊದಲ ವರ್ಷ ವಿಜೇತರನ್ನು ಆಟಗಾರರ ಮತದಿಂದ ಆರಿಸಿದರು. ಒಬ್ಬರೇ ಉಳಿಯುವವರೆಗೆ ಆಡುವ ಕ್ರಮ 1971ರಲ್ಲಿ ಬಂತು. ಆ ಕಾಲದ ಬುದ್ಧಿಮಾತು ‘ಕಾದು ಆಡು’ ಎಂಬುದಷ್ಟೇ. 1982ರಲ್ಲಿ ಜ್ಯಾಕ್ ಸ್ಟ್ರಾಸ್ ಒಂದೇ ಚಿಪ್‌ ಉಳಿದಲ್ಲಿಂದ ಮೇಲೆದ್ದು ಮುಖ್ಯ ಟೂರ್ನಿ ಗೆದ್ದ ಕಥೆಯನ್ನು ಆಟಗಾರರು ಇಂದಿಗೂ ಹೇಳುತ್ತಾರೆ. ಕೇಳುವುದಕ್ಕೆ ಸೊಗಸಾಗಿದೆ, ಆದರೆ ಅದರಿಂದ ತಂತ್ರವೇನೂ ಹುಟ್ಟಲಿಲ್ಲ.

ತಂತ್ರಕ್ಕೆ ಹೆಸರು ಕೊಟ್ಟವರಲ್ಲಿ ಡೇವಿಡ್ ಸ್ಕ್ಲಾನ್ಸ್ಕಿ ಮುಖ್ಯರು. ಬೇರೊಬ್ಬರು ಮೊದಲೇ ಪಣ ಏರಿಸಿದ್ದರೆ ಅದಕ್ಕೆ ಕಾಲ್ ಮಾಡಲು, ಅಂದರೆ ಅಷ್ಟೇ ಮೊತ್ತ ಕಟ್ಟಲು, ಬೇಕಾಗುವ ಎಲೆಗಿಂತ, ತಾವೇ ಮೊದಲು ಏರಿಸಲು ಕೀಳಾದ ಎಲೆ ಸಾಕು ಎಂಬುದನ್ನು 2002ರ ತಮ್ಮ ಟೂರ್ನಿ ಪುಸ್ತಕದಲ್ಲಿ ಅವರು ವಿವರಿಸಿದರು. ಮೊದಲು ನುಗ್ಗಿದವರಿಗೆ ಗೆಲ್ಲಲು ಎರಡು ದಾರಿ: ಎಲ್ಲರೂ ಫೋಲ್ಡ್ ಮಾಡಬಹುದು, ಇಲ್ಲವೇ ಎಲೆ ಕೂಡಿಬರಬಹುದು. ಕಾಲ್ ಮಾಡುವವರಿಗೆ ಎರಡನೆಯದು ಮಾತ್ರ.

1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್, ಬಿಲ್ ರೊಬರ್ಟಿಯವರ ಜತೆ ಬರೆದ ಪುಸ್ತಕದ ಎರಡನೆಯ ಸಂಪುಟದಲ್ಲಿ (2005) ಎಂ ಎಂಬ ಅಳತೆಯನ್ನು ಜನಪ್ರಿಯಗೊಳಿಸಿದರು. ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಿನಿಂದ ಬಂದ ಅಕ್ಷರ ಅದು. ಒಂದು ಸುತ್ತಿಗೆ ತಗಲುವ ಕಡ್ಡಾಯ ವೆಚ್ಚದಿಂದ ಕೈಯಲ್ಲಿರುವ ಚಿಪ್ಸ್ ಭಾಗಿಸಿದರೆ ಎಂ ಸಿಗುತ್ತದೆ. ಬ್ಲೈಂಡ್ 500 ಮತ್ತು 1,000, ಒಂಬತ್ತು ಜನರಿಂದ ತಲಾ 100 ಆಂಟಿ (ಬ್ಲೈಂಡ್ ಅಲ್ಲದೆ ಎಲ್ಲರೂ ಕಟ್ಟುವ ಸಣ್ಣ ಮೊತ್ತ) ಎಂದರೆ ಸುತ್ತಿನ ವೆಚ್ಚ 2,400. ಕೈಯಲ್ಲಿ 12,000 ಇದ್ದರೆ ಎಂ ಐದು; ಏನೂ ಆಡದೆ ಕುಳಿತರೆ ಐದು ಸುತ್ತಿಗೆ ಎಲ್ಲ ಖಾಲಿ. ಎಂ 20 ಅಥವಾ ಹೆಚ್ಚಿದ್ದರೆ ಹಸಿರು ವಲಯ, 5 ಮತ್ತು ಅದಕ್ಕಿಂತ ಕೆಳಗೆ ಕೆಂಪು. ಕೆಂಪಿನಲ್ಲಿ ಉಳಿಯುವ ನಡೆ ಎರಡೇ: ಎಲ್ಲವನ್ನೂ ಒಡ್ಡುವ ಆಲ್-ಇನ್, ಇಲ್ಲವೇ ಫೋಲ್ಡ್. ರಮ್ಮಿಯವರು ಡ್ರಾಪ್ ಎಣಿಸುವುದೂ ಇದೇ ಎಣಿಕೆ.

ಈಗ ಬಹಳ ಕಡೆ ಎಲ್ಲರ ಆಂಟಿಯನ್ನೂ ದೊಡ್ಡ ಬ್ಲೈಂಡ್ ಕಟ್ಟುವವರೇ ಕೊಡುವುದರಿಂದ ಚಿಪ್ಸ್ ಅನ್ನು ದೊಡ್ಡ ಬ್ಲೈಂಡ್‌ ಲೆಕ್ಕದಲ್ಲೇ ಹೇಳುವುದು ರೂಢಿ. ಹತ್ತು ಬ್ಲೈಂಡ್ ಉಳಿದ ಒಬ್ಬರು ಆಲ್-ಇನ್ ಆದರು ಎನ್ನೋಣ. ನಡುವೆ ಎರಡೂವರೆ ಬ್ಲೈಂಡ್ ಇದೆ. ನೂರಕ್ಕೆ 75 ಸಲ ಎಲ್ಲರೂ ಫೋಲ್ಡ್ ಮಾಡುತ್ತಾರೆ. ಉಳಿದ 25 ಸಲ ದೊಡ್ಡ ಬ್ಲೈಂಡ್‌ನವರು ಕಾಲ್ ಮಾಡುತ್ತಾರೆ. ಆಗ ಗೆಲ್ಲುವ ಸಾಧ್ಯತೆ ಶೇ 35 ಮಾತ್ರ. ಕಾಲ್ ಆದಾಗ ಸರಾಸರಿ ಎರಡೂವರೆ ಬ್ಲೈಂಡ್‌ನಷ್ಟು ನಷ್ಟ ನಿಜ, ಆದರೂ ಒಟ್ಟು ಲೆಕ್ಕದಲ್ಲಿ ಪ್ರತಿ ಸಲ ಒಂದೂಕಾಲು ಬ್ಲೈಂಡ್ ಲಾಭ. ಅದೇ ಎಲೆಯಲ್ಲಿ ಮೂರೇ ಬ್ಲೈಂಡ್ ಉಳಿದಿದ್ದರೆ? ಅಷ್ಟು ಅಗ್ಗದ ಪಣಕ್ಕೆ ಎದುರಿನವರು ನೂರರಲ್ಲಿ 90 ಸಲ ಕಾಲ್ ಮಾಡಿದರೆ ಲಾಭವೆಲ್ಲ ಹೋಗಿ ಚೂರು ನಷ್ಟವೇ ಆಗುತ್ತದೆ. ತೀರ ತಡವಾಗುವ ಮೊದಲೇ, ಎದುರಿನವರಿಗೆ ಹೆದರಿಕೆ ಹುಟ್ಟಿಸುವಷ್ಟು ಚಿಪ್ಸ್ ಇರುವಾಗಲೇ ನುಗ್ಗಬೇಕು ಎನ್ನುವುದು ಇದಕ್ಕೇ.

ಇದಕ್ಕೆ ಎದುರು ಎಳೆಯುವ ಇನ್ನೊಂದು ಲೆಕ್ಕವಿದೆ. 1973ರಲ್ಲಿ ಹಾರ್ವಿಲ್ ಎಂಬುವರು ಕುದುರೆ ಪಂದ್ಯದ ಸ್ಥಾನಗಳ ಸಂಭವನೀಯತೆಗೆ ಕೊಟ್ಟ ಸೂತ್ರವನ್ನೇ ಹೋಲುವ ಮಾದರಿಯನ್ನು ಮೇಸನ್ ಮಾಲ್ಮತ್ 1987ರಲ್ಲಿ ಪೋಕರ್‌ಗೆ ತಂದರು. ಇದೇ ಐಸಿಎಂ: ಕೈಯಲ್ಲಿರುವ ಚಿಪ್ಸ್ ಬಹುಮಾನದ ಹಣದಲ್ಲಿ ಎಷ್ಟು ಬಾಳುತ್ತವೆ ಎಂಬ ಲೆಕ್ಕ. ಮೂವರು ಉಳಿದಿದ್ದು ಬಹುಮಾನ 50,000, 30,000, 20,000 ರೂಪಾಯಿ ಎನ್ನೋಣ. ಚಿಪ್ಸ್‌ನ ಶೇ 20 ಹೊಂದಿದವರ ಪಾಲು ಈ ಸೂತ್ರದಂತೆ ಸುಮಾರು 28,860 ರೂಪಾಯಿ. ಶೇ 50 ಹೊಂದಿದವರದ್ದು 38,390 ಅಷ್ಟೇ. ಗೆಲ್ಲುವ ಚಿಪ್ಸ್‌ಗಿಂತ ಕಳೆದುಕೊಳ್ಳುವ ಚಿಪ್ಸ್‌ಗೆ ಬೆಲೆ ಹೆಚ್ಚು. ಆದ್ದರಿಂದ ಬಹುಮಾನದ ಹೊಸ್ತಿಲಲ್ಲಿ ಕಾಲ್ ಮಾಡಲು ಬಹಳ ಗಟ್ಟಿ ಎಲೆ ಬೇಕು. ಮೊದಲು ನುಗ್ಗುವವರಿಗೆ, ಎದುರಿನವರಿಗೂ ಅದೇ ಅಂಜಿಕೆ ಇರುವುದು ಅನುಕೂಲ. ತಮಗಿಂತ ಕಡಿಮೆ ಚಿಪ್ಸ್‌ನವರು ಇನ್ನೂ ಇದ್ದರೆ ಮಾತ್ರ ತಾಳ್ಮೆಗೆ ಮತ್ತೆ ಬೆಲೆ ಬರುತ್ತದೆ.

ಮುಂದಿನದು ಗಣಿತಜ್ಞರ ಕಾಲ. ವಾನ್ ನ್ಯೂಮನ್ 1928ರಲ್ಲಿ ಬುನಾದಿ ಹಾಕಿದ, ಜಾನ್ ನ್ಯಾಶ್ 1950ರಲ್ಲಿ ವಿಸ್ತರಿಸಿದ ಆಟದ ಸಿದ್ಧಾಂತ ಇಲ್ಲಿ ನೇರವಾಗಿ ಬಳಕೆಗೆ ಬಂತು. ಬಿಲ್ ಚೆನ್ ಮತ್ತು ಜೆರಾಡ್ ಆಂಕೆನ್‌ಮನ್ 2006ರಲ್ಲಿ ಇಬ್ಬರ ಆಟಕ್ಕೆ ಆಲ್-ಇನ್ ಅಥವಾ ಫೋಲ್ಡ್ ಪಟ್ಟಿಗಳನ್ನು ಕೊಟ್ಟರು. 2007ರಲ್ಲಿ ಡೆನ್ಮಾರ್ಕ್‌ನ ಮಿಲ್ಟರ್ಸನ್ ಮತ್ತು ಸೋರೆನ್ಸನ್, ಒಟ್ಟು 8,000 ಚಿಪ್ಸ್ ಇದ್ದು ಬ್ಲೈಂಡ್ 300 ಮತ್ತು 600 ಆಗಿದ್ದರೆ, ಇಬ್ಬರ ಆಟದಲ್ಲಿ ಇವೆರಡೇ ನಡೆಗಳಿಂದ ಅತ್ಯುತ್ತಮ ಆಟದ ತೀರ ಹತ್ತಿರ ಹೋಗಬಹುದು ಎಂದು ತೋರಿಸಿದರು. 2015ರ ನಂತರ ಹರಡಿದ, ಅತ್ಯುತ್ತಮ ನಡೆಯನ್ನು ಲೆಕ್ಕ ಹಾಕುವ ಸಾಲ್ವರ್ ತಂತ್ರಾಂಶಗಳು ಇದಕ್ಕೆ ಮಿತಿ ಹಾಕಿದವು: 15–20 ಬ್ಲೈಂಡ್ ಇದ್ದಾಗ ಸಣ್ಣದಾಗಿ ಏರಿಸಿ ಎದುರಿನವರು ಮೈಮೇಲೆ ಬಂದರೆ ಬಿಟ್ಟುಕೊಡುವುದು ಎಷ್ಟೋ ಸಲ ಮೇಲು, ಬರೀ ಆಲ್-ಇನ್ ಆಟ ಹತ್ತರ ಆಸುಪಾಸಿಗೇ ಸರಿ. ಹ್ಯಾರಿಂಗ್ಟನ್‌ರ ವಲಯಗಳು ಸುಳ್ಳಾಗಲಿಲ್ಲ, ಒರಟಾಗಿ ಕಂಡವು.

ಇಷ್ಟು ಲೆಕ್ಕವಿರುವ ಆಟ ಜೂಜೋ ಕೌಶಲವೋ ಎಂಬ ವಾದಕ್ಕೆ ಗಡಿ ತಾಲೂಕುಗಳಲ್ಲಿ ಹಳೆಯ ಬೇರಿದೆ. ಮುಂಬೈ ಪ್ರಾಂತದಲ್ಲಿದ್ದಾಗ ಚಿಕ್ಕೋಡಿ, ಅಥಣಿಗೆ ಅನ್ವಯಿಸುತ್ತಿದ್ದ 1887ರ ಜೂಜು ತಡೆ ಕಾಯ್ದೆ ಕೌಶಲದ ಆಟವನ್ನು ಹೊರಗಿಟ್ಟಿತ್ತು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಅಂಥ ವಿನಾಯಿತಿ ಇತ್ತು. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದೂ ಮೂರೆಲೆಯ ಆಟವನ್ನು ಅದೃಷ್ಟದ್ದೆಂದೂ ಹೇಳಿತು. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಹಣದ ಆನ್‌ಲೈನ್ ಆಟ ತಡೆಯಲು ರಾಜ್ಯ ಪೊಲೀಸ್ ಕಾಯ್ದೆಗೆ ತಂದ 2021ರ ತಿದ್ದುಪಡಿಯ ಮುಖ್ಯ ಭಾಗಗಳು 2022ರ ಫೆಬ್ರುವರಿ 14ರಂದು ಅದೇ ನ್ಯಾಯಾಲಯದಲ್ಲಿ ಬಿದ್ದುಹೋದವು. 

2025ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟುವ ಆನ್‌ಲೈನ್ ಆಟದಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟಿತು. ಮೊಬೈಲ್‌ನಲ್ಲಿ ಹಣದ ಪೋಕರ್, ರಮ್ಮಿ ಎರಡೂ ನಿಂತವು. ನಿಪ್ಪಾಣಿ ಕಡೆಯವರಿಗೆ ಇನ್ನು ಹತ್ತಿರದ್ದು ಆಂಬೋಲಿ ಘಾಟ್ ಇಳಿದರೆ ಸಿಗುವ ಗೋವಾ, ಅಲ್ಲಿನ ಮಾಂಡೋವಿ ನದಿಯ ಕ್ಯಾಸಿನೊಗಳು. ಆ ಮೇಜುಗಳಲ್ಲಿ ಆಡುತ್ತ ಸಾಲ್ವರ್ ತೆರೆಯುವಂತಿಲ್ಲ. ಹತ್ತು ಬ್ಲೈಂಡ್‌ನ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೇ ಕೂರಬೇಕು.